ಎಲೆ ಉದುರಿದ ಕಾಡಿನಲ್ಲಿ ಎಳೆದ ಗೆರೆ

ಹುಟ್ಟಿದ ಮಣ್ಣು ಬಿಟ್ಟು ಪರಸ್ಥಳ ಸೇರಿದ ಮನುಷ್ಯನ ಆತ್ಮ ಎರಡು ಹೋಳಾಗುತ್ತದೆ. ನನ್ನದು ಹೋಳಾಗುವುದಕ್ಕೆ ಮೊದಲೇ ಚಾಮರಾಜನಗರದ ಮನೆ ಮಾಲೀಕ ನಂಜಪ್ಪನವರು ಅದರ ಜಾತಿ ಕೇಳಿದರು. ಹೇಳಿದೆ. ಅವರದೂ ಅದೇ ಎಂದು ತಿಳಿದು ನನಗೆ ಸಂತೋಷವಾಯಿತು, ಅವರಿಗೆ ಆಗಲಿಲ್ಲ.

"ಇರ್ಬೋದು ಬುಡಿ. ಆದ್ರೂ ನಿಮ್ ಕಡೆಯೋರೇ ಬೇರೆ," ಎಂದರು. "ಒಂದ್ ಮಾತು ಈಗ್ಲೇ ಯೋಳ್ಬುಡ್ತೀನಿ. ಬೆಳಗಾನೆ ಎದ್ದು ಪಟಪಟಾ ಅಂತ ರೊಟ್ಟಿ ತಟ್ಟಂಗಿಲ್ಲ. ನಮ್ ಎಂಗಸ್ರಿಗೆ ತಲೆನೋವು ಬತ್ತದೆ."

ನಮ್ಮೂರು ನವಲಗುಂದದ ಬಂಧುಗಳೇ, ನಾನು ಸಮುದ್ರ ದಾಟಿಲ್ಲ. ಕರ್ನಾಟಕದ ನಕ್ಷೆಯಲ್ಲಿ ಮೇಲಿನಿಂದ ಕೆಳಕ್ಕೆ ಜಾರಿದ್ದೇನೆ, ಅಷ್ಟೆ. ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಇಪ್ಪತ್ತು ವರ್ಷ ಟೆಲಿಫೋನ್ ಬೋರ್ಡು ನೋಡಿಕೊಂಡಿದ್ದೆ. ಗಿರಣಿ ಮುಚ್ಚಿತು. ನಲವತ್ತಾರನೆಯ ವಯಸ್ಸಿನಲ್ಲಿ, ಮಕ್ಕಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು, ದೊಡ್ಡ ಕಂಪನಿಗಳಿಗೆ ಕಂಪ್ಯೂಟರ್ ಜಾಲ ಹೆಣೆಯುವ ವಿದ್ಯೆ ಕಲಿತೆ. ಎರಡು ಸಾವಿರದ ಐದರ ಸುಮಾರಿಗೆ ಇಲ್ಲಿನ ಚೆಂಡುಹೂವಿನ ಕಂಪನಿಯೊಂದು ಕರೆಯಿತು. ಕಚೇರಿ ಚಾಮರಾಜನಗರದಲ್ಲಿ, ಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆ ಗುಂಡ್ಲುಪೇಟೆಯ ಹೊರಗೆ, ಹೂ ಕೊಳ್ಳುವ ಡಿಪೋಗಳು ಒಂಬತ್ತು ಹಳ್ಳಿಗಳಲ್ಲಿ. ಇಷ್ಟನ್ನೂ ಒಂದೇ ಜಾಲಕ್ಕೆ ತರಬೇಕು. ಆರು ತಿಂಗಳು ಪರೀಕ್ಷಾ ಅವಧಿ. ಹೂವಿನ ಕಟಾವಿನಲ್ಲಿ ಒಂಬತ್ತೂ ಡಿಪೋ ಕಚೇರಿಯ ಸಂಪರ್ಕದಲ್ಲಿದ್ದರೆ ನೌಕರಿ ಕಾಯಂ. ಕಾಯಂ ಆದರೆ ಹೆಂಡತಿ ನೀಲವ್ವ ಇಲ್ಲಿಗೆ ಬರುವುದು. ಇಲ್ಲವಾದರೆ ನಾನೇ ಗಂಟು ಕಟ್ಟುವುದು.

ಇಲ್ಲಿಯವರೂ ಕನ್ನಡದವರು, ನಾನೂ ಕನ್ನಡದವನು. ನಡುವೆ ಒಬ್ಬ ದುಭಾಷಿ ಇದ್ದಿದ್ದರೆ ಎರಡು ಪಕ್ಷಕ್ಕೂ ಅನುಕೂಲವಾಗುತ್ತಿತ್ತು. ನಾನು "ಹೌದ್ರೀ" ಎಂದರೆ ಕಚೇರಿಯಲ್ಲಿ ಮೂರು ಮೇಜು ನಗುತ್ತಿದ್ದವು. ಊಟಕ್ಕೆ ಮುದ್ದೆ ಮತ್ತು ಉಪ್ಸಾರು. ಉಪ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿದ ನೀರು. ಖಾರವನ್ನು ಬೇರೆಯಾಗಿ ಅರೆದು ತಟ್ಟೆಯ ಅಂಚಿಗೆ ಇಡುತ್ತಾರೆ, ಬೇಕಾದವರು ಕಲಸಿಕೊಳ್ಳಲಿ ಎಂದು. ಈ ಜನರ ಸ್ವಭಾವವೂ ಅದೇ: ತಾವಾಗಿ ಏನನ್ನೂ ಕಲಸಿ ಕೊಡುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗಬೇಕು. ನಾನು ಅಗಿದೆ. ಖಾನಾವಳಿಯಲ್ಲಿ ಎಲ್ಲರೂ ನೋಡಿದರು, ಯಾರೂ ಹೇಳಲಿಲ್ಲ.

ವಿದ್ಯೆಯ ವಿಷಯಕ್ಕೆ ಬರುತ್ತೇನೆ. ದೊಡ್ಡ ಜಾಲವನ್ನು ಮೂರು ಹಂತದಲ್ಲಿ ಕಟ್ಟಬೇಕೆಂದು ಪುಸ್ತಕ ಹೇಳುತ್ತದೆ. ನಡುವಿನ ಬೆನ್ನೆಲುಬು, ಅದರಿಂದ ಹಂಚುವ ಕೊಂಡಿಗಳು, ತುದಿಯಲ್ಲಿ ಬಳಸುವವನ ಕಂಪ್ಯೂಟರ್. ಜೊತೆಗೆ ಕಲಿತ ಹುಡುಗರು ಇದನ್ನು ಉರು ಹೊಡೆದರು, ನಾನು ಹೊಡೆಯಲಿಲ್ಲ. ಮಲಪ್ರಭೆಯ ಮುಖ್ಯ ಕಾಲುವೆ, ಹಂಚುಗಾಲುವೆ, ಹೊಲಗಾಲುವೆ ನೋಡಿ ಬೆಳೆದವನಿಗೆ ಇದರಲ್ಲಿ ಹೊಸದೇನು? ತುದಿಯ ಹೊಲಕ್ಕೆ ಯಾವತ್ತೂ ನೀರು ಸಾಲುವುದಿಲ್ಲ ಎಂಬುದೂ ಗೊತ್ತಿತ್ತು. ಎಂಟು ಡಿಪೋಗಳು ಮೂರು ತಿಂಗಳಲ್ಲಿ ಸೇರಿದವು. ಯಾರೂ ಹೊಗಳಲಿಲ್ಲ. ನಾನೇ ಕೋಣೆಯ ಕದ ಹಾಕಿಕೊಂಡು, ಸದ್ದಾಗದಂತೆ ಹಿಟ್ಟನ್ನು ಲಟ್ಟಿಸಿ, ಒಂದು ರೊಟ್ಟಿ ಮಾಡಿಕೊಂಡು ತಿಂದೆ.

ತುದಿಯ ಹೊಲ ಮದ್ದೂರಿನ ಡಿಪೋ. ಮಂಡ್ಯದ ಮದ್ದೂರಲ್ಲ, ಇದು ಬಂಡೀಪುರದ ಕಾಡಿನಂಚಿನದು. ಅಲ್ಲಿ ಕೇಬಲ್ಲಿಗೆ ನೆಲ ಅಗೆಯಲು ಅರಣ್ಯ ಇಲಾಖೆ ಬೇಡವೆನ್ನುತ್ತದೆ. ಕಂಬ ನೆಟ್ಟರೆ ಆನೆ ಬಂದು ಮೈ ಉಜ್ಜುತ್ತದೆ. ಅದು ಬೇಡವೆನ್ನುವ ಗೋಜಿಗೂ ಹೋಗುವುದಿಲ್ಲ. ಉಳಿದ ದಾರಿ ರೇಡಿಯೋ. ಕಾರ್ಖಾನೆಯ ನೀರಿನ ಟ್ಯಾಂಕಿನ ಮೇಲೊಂದು ಆಂಟೆನಾ, ಡಿಪೋದ ಮಾಳಿಗೆಯ ಮೇಲೊಂದು, ಒಂದಕ್ಕೊಂದು ಕಾಣುವಂತಿದ್ದರೆ ಸಾಕು.

ಕಾಣುತ್ತದೆಯೋ ಇಲ್ಲವೋ ಎಂದು ಶಿವರಾತ್ರಿಯ ಮರುವಾರವೇ ಪರೀಕ್ಷೆ ಮಾಡಿಟ್ಟಿದ್ದೆ. ಜೊತೆಗಿದ್ದವನು ಕಂಪನಿಯ ಜೀಪಿನ ಡ್ರೈವರ್ ಮಾದೇವ, ಮದ್ದೂರಿನ ಕಡೆಯವನೇ, ನನ್ನದೇ ವಯಸ್ಸು. ನನ್ನನ್ನು 'ಹುಬ್ಳಿ ಸಾ' ಎನ್ನುತ್ತಿದ್ದ. ನಾನು ಹುಬ್ಬಳ್ಳಿಯವನಲ್ಲ ಎಂದು ಎರಡು ಸಲ ತಿದ್ದಿದೆ. ಮೂರನೆಯ ಸಲ ಹುಬ್ಬಳ್ಳಿಯವನಾದೆ. ಅವನು ಡಿಪೋದ ಮಾಳಿಗೆಯಿಂದ ಬಿಸಿಲಿಗೆ ಕನ್ನಡಿ ಹಿಡಿದ. ನಾನು ಕಾರ್ಖಾನೆಯ ನೀರಿನ ಟ್ಯಾಂಕು ಹತ್ತಿ ದುರ್ಬೀನಿನಲ್ಲಿ ನೋಡಿದೆ. ಬೋಳು ಕೊಂಬೆಗಳ ಸಂದಿಯಿಂದ ಕನ್ನಡಿ ಮಿಂಚಿತು. ನಕ್ಷೆಯ ಮೇಲೆ ಗೆರೆ ಎಳೆದೆ, ಸಹಿ ಹಾಕಿದೆ. ಮೇ ತಿಂಗಳಲ್ಲಿ ಆಂಟೆನಾ ಕೂರಿಸಿದಾಗ ಸಂಪರ್ಕ ಗಂಟೆ ಹೊಡೆದಂತೆ ಬಂತು. ಮ್ಯಾನೇಜರ್ ಸಾಹೇಬರು ಮೊದಲ ಸಲ ನನ್ನ ಹೆಸರು ಸರಿಯಾಗಿ ಕರೆದರು. ನೀಲವ್ವನಿಗೆ ಫೋನ್ ಮಾಡಿ ಬೀಸುವ ಕಲ್ಲು ತರುವುದು ಬೇಡ, ಸದ್ದಾಗುತ್ತದೆ ಎಂದೆ.

ಜೂನಿನಲ್ಲಿ ಸಂಪರ್ಕ ಕುಂಟಿತು. ಜುಲೈನಲ್ಲಿ, ಮೊದಲ ಹೂ ಡಿಪೋಗೆ ಬಂದ ವಾರವೇ, ಸತ್ತಿತು. ಮದ್ದೂರಿನಿಂದ ಎಷ್ಟು ಹೂ ಬರುತ್ತಿದೆ ಎಂದು ಕಾರ್ಖಾನೆಗೆ ತಿಳಿಯದೆ, ಎರಡು ಲೋಡು ಗೇಟಿನ ಹೊರಗೇ ಕೊಳೆತು ನಾರಿತು. ನಾನು ರೇಡಿಯೋ ಬದಲಿಸಿದೆ, ತಂತಿ ಬದಲಿಸಿದೆ, ದೇವರಿಗೆ ಕೈ ಮುಗಿದೆ. ಕೊನೆಗೆ ದುರ್ಬೀನು ಹಿಡಿದು ಮತ್ತೆ ಟ್ಯಾಂಕು ಹತ್ತಿದೆ. ಎದುರಿಗೆ ಹಸಿರು ಗೋಡೆ. ತೇಗ, ಮತ್ತಿ, ಹೊನ್ನೆ ಎಲ್ಲವೂ ಮೈತುಂಬ ಎಲೆ ಹೊದ್ದು ನಿಂತಿದ್ದವು. ಎಲೆಯಲ್ಲಿ ನೀರಿರುತ್ತದೆ, ನೀರು ರೇಡಿಯೋ ಅಲೆಯನ್ನು ಕುಡಿದುಬಿಡುತ್ತದೆ.

ಇದು ಮೂರ್ಖನ ತಪ್ಪಲ್ಲ, ಯರಿನೆಲದವನ ತಪ್ಪು. ನಮ್ಮ ಕಪ್ಪು ಹೊಲದಲ್ಲಿ ನಿಂತರೆ ಮುಂದಿನೂರಿನ ಗುಡಿಯ ಕಳಸ ಕಾಣುತ್ತದೆ, ಯಾವ ತಿಂಗಳಾದರೂ ಕಾಣುತ್ತದೆ. ಕಾಡು ಬಟ್ಟೆ ಬದಲಿಸುತ್ತದೆ ಎಂದು ನನಗೆ ಯಾರು ಕಲಿಸಿದ್ದರು?

ಕೆಳಗಿಳಿದೆ. ಮಾದೇವ ಜೀಪಿಗೆ ಒರಗಿ ಎಲೆಯಡಿಕೆ ಹಾಕುತ್ತಿದ್ದ.

"ಮಳಿ ಬಿದ್ದಮ್ಯಾಲೆ ಕಾಣೂದಿಲ್ಲ ಅಂತ ನಿನಗ ಗೊತ್ತಿತ್ತೇನಪಾ?"

"ಊರಿಗೇ ಗೊತ್ತು ಕಣ್ ಸಾ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಕೇಳ್ನಿಲ್ವಲ್ಲ." ರಸ ಉಗುಳಿದ. "ಅಷ್ಟೆತ್ರ ಅತ್ತಿ ದುರ್ಬೀನಲ್ಲಿ ನೋಡೋರ್ಗೆ ನಾವೇನ್ ಸಾ ಯೋಳದು? ಕನ್ನಡಿ ಇಡಿ ಅಂದ್ರಿ, ಇಡ್ದೆ."

ಡಿಪೋದ ತೂಕದವನಿಗೂ ಗೊತ್ತಿತ್ತಂತೆ. ನಂಜಪ್ಪನವರಿಗೂ ಗೊತ್ತಿತ್ತಂತೆ, ಹುಬ್ಬಳ್ಳಿಯವರು ಮಳೆಗಾಲಕ್ಕೆ ಮುಂಚೆ ಹೋಗುತ್ತಾರೋ ಆಮೇಲೋ ಎಂದು ಜಗಲಿಯಲ್ಲಿ ಚರ್ಚೆಯಾಗಿತ್ತಂತೆ. ನನಗೆ ಬಂದ ಸಿಟ್ಟನ್ನು ಇಲ್ಲಿ ಅಚ್ಚು ಹಾಕಲಾಗದು. ಆದರೆ ಸಿಟ್ಟಿನಿಂದ ಎಲೆ ಉದುರುವುದಿಲ್ಲ. ಪುಸ್ತಕದಲ್ಲಿ ಇಲ್ಲದ ಕೆಲಸವೊಂದನ್ನು ಆ ದಿನ ಮಾಡಿದೆ: ಕೇಳಿದೆ.

"ಎರಡೂ ಕಡೆ ಕಾಣುವ ಎತ್ತರದ ಜಾಗ ಎಲ್ಲೈತಿ?"

"ನಮ್ ಮಾವನ ಒಲದಲ್ಲಿ ಒಂದು ಬಂಡೆ ಅದೆ. ಅತ್ತಿದ್ರೆ ಇತ್ಲಾಗೆ ಫ್ಯಾಕ್ಟ್ರಿ, ಅತ್ಲಾಗೆ ಡಿಪೋ. ಮಳೆಗಾಲದಲ್ಲೂ ಕಾಣ್ತದೆ."

"ಇದನ್ನರೆ ಹೇಳಬಹುದಿತ್ತಲ್ಲೋ!"

"ಅದ್ನೂ ಕೇಳ್ನಿಲ್ಲ. ನಡೀರಿ ಓಗನ. ಕನ್ನಡಿ ತಕ್ಕೊಳ್ಳಾ, ಬ್ಯಾಡ್ವಾ?"

ನೇರ ಗೆರೆಯನ್ನು ಮುರಿದು, ಬಂಡೆಯ ಮೇಲೆ ನಡುವಿನ ಆಂಟೆನಾ ಕೂರಿಸಿದೆ. ಮಾವ ಒಪ್ಪುವುದಕ್ಕೆ ಆರು ದಿನ, ಕೆಲಸಕ್ಕೆ ಐದು ದಿನ. ಮಾದೇವನ ಮೇಲಿನ ಕೋಪ ಇನ್ನೂ ಇದೆ; ಹೊಸ ಜಾಗದ ಗೆರೆ ಎಳೆಯುವ ಮುನ್ನ ಅವನನ್ನೇ ಕೇಳುತ್ತೇನೆ. ಊರಿಗೆ ಬಂದಾಗ ನೀಲವ್ವ ಮಾಡಿದ ರೊಟ್ಟಿಯ ಸದ್ದಿಗೆ ನಾನೇ ಬೆಚ್ಚಿ ಎದ್ದೆ. ಇಲ್ಲಿ ಮುದ್ದೆಯನ್ನು ಈಗಲೂ ಅಗಿಯುತ್ತೇನೆ.

ಮದ್ದೂರಿನ ಸಂಪರ್ಕ ಹನ್ನೊಂದನೆಯ ದಿನ ಮರಳಿ ಬಂತು, ಕಟಾವು ಮುಗಿಯುವವರೆಗೂ ನಿಂತಿತು. ನನ್ನನ್ನು ಕಾಯಂ ಮಾಡಲಿಲ್ಲ. ಪರೀಕ್ಷಾ ಅವಧಿಯನ್ನು ಇನ್ನೂ ಆರು ತಿಂಗಳು ವಿಸ್ತರಿಸಿದರು.