ಅಕ್ಕನ ಅಂಗಡಿಗೆ ಹೊಸ ಲೈನ್ ಬಂದ ಮರುದಿನ

ಸೊರಬದ ಜೆರಾಕ್ಸ್ ಅಂಗಡಿಯವನು ಮೊಮ್ಮಗಳ ಜನನ ಪ್ರಮಾಣಪತ್ರ ಪ್ರಿಂಟ್ ತೆಗೆದು ಕೊಟ್ಟಾಗ ಕಾಗದ ಇನ್ನೂ ಬಿಸಿಯಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಂಥ ವಾಸನೆ. ಮೊಮ್ಮಗಳು ಹುಟ್ಟಿದ್ದನ್ನು ಅಷ್ಟರಲ್ಲಾಗಲೇ ಬಸ್ ಸ್ಟ್ಯಾಂಡಿನ ಹೂವಿನವಳಿಗೆ, ಗುರುತೇ ಇಲ್ಲದ ಕಂಡಕ್ಟರಿಗೆ, ಎಲ್ಲರಿಗೂ ಹೇಳಿಯಾಗಿತ್ತು. ಆ ವಾಸನೆಗೆ ಇನ್ನೊಬ್ಬರು ನೆನಪಾದರು... ಶಿಕಾರಿಪುರದ ಕಂಪ್ಯೂಟರ್ ಅಂಗಡಿಯ ಅಕ್ಕ.

ಮಗಳು ಪಿಯುಸಿ ಮುಗಿಸಿದ ವರ್ಷ. ನರ್ಸಿಂಗ್ ಓದಲು ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕಿತ್ತು. ಜಾತಿ ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಕೊನೆಯ ದಿನವೇ ಬಂದಿತ್ತು. ಈ ಸಲ ತಪ್ಪಿದರೆ ಮದುವೆ ಮಾಡುವುದೇ ಸೈ ಎಂದು ನಮ್ಮನೆಯವರು ಹೇಳಿಬಿಟ್ಟಿದ್ದರು. ಕುರಿಗಳನ್ನು ಅವರಿಗೆ ಬಿಟ್ಟು ತಾಯಿ ಮಗಳು ಬೆಳಿಗ್ಗೆಯೇ ಅಕ್ಕನ ಅಂಗಡಿಗೆ ಬಂದೆವು.

ಯಾವ ಕಂಪ್ಯೂಟರಿನಲ್ಲೂ ಏನೂ ತೆರೆಯುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಇಂಟರ್ನೆಟ್ಟಿಗೆ ಹೊಸ ಲೈನ್ ಹಾಕಿಸಿದ್ದರಂತೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದರ ಮುಂದೂ ಕೂತು, ಅದೇನೋ ಡಿಎನ್‌ಎಸ್ ಎಂದು ನಂಬರು ಬದಲಿಸಿದರು. ಏನೂ ಆಗಲಿಲ್ಲ.

"ಲೈನ್ ಐತಮ್ಮ," ಎಂದರು. "ವೆಬ್‌ಸೈಟಿನ ನಂಬರ್ ಹೊಡೆದ್ರೆ ಬರ್ತೈತಿ, ಹೆಸರು ಹೊಡೆದ್ರೆ ಬರ್ತಿಲ್ಲ. ಯಾವ ಹೆಸರಿಗೆ ಯಾವ ನಂಬರ್ ಅಂತ ಹೇಳೋರು ಇದಕ್ಕೆ ಸಿಗ್ತಿಲ್ಲ. ನಾನು ಮಾತು ಕೊಡಲ್ಲ. ಶಿವಮೊಗ್ಗಕ್ಕೆ ಹೋಗೋದಾದ್ರೆ ಈಗಲೇ ಬಸ್ ಹತ್ರಿ."

ಅರ್ಜಿ ಹಾಕುವ ಜಾಗದ ನಂಬರು ಅವರಿಗೂ ಗೊತ್ತಿರಲಿಲ್ಲ. ಮಗಳು ನನ್ನ ಮುಖ ನೋಡಿದಳು. ಸುಳ್ಳು ಧೈರ್ಯ ಹೇಳದವರನ್ನು ನಂಬಬಹುದು ಎನಿಸಿತು. ಬಸ್ಸಿಗೆ ಹೋಗಲಿಲ್ಲ, ಕೂತೆ.

ಬೇಕಾದ್ದನ್ನು ಮೊದಲೇ ಬರೆದಿಟ್ಟುಕೊಳ್ಳೋಣ ಎಂದು ಅಕ್ಕ ನನ್ನ ಗಂಡನ ಹೆಸರು ಕೇಳಿದರು. ನಮ್ಮಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಮಗಳನ್ನು ಮೊಣಕೈಯಿಂದ ತಿವಿದೆ. ಅವಳು ಹೇಳಿದಳು.

"ಮಗಳಿಗೂ ಗೊತ್ತಿಲ್ದಿದ್ರೆ ಏನ್ ಮಾಡ್ತಿದ್ರಿ?" ಎಂದು ಅಕ್ಕ ನಕ್ಕರು.

"ನಿಮ್ ಮಿಷನ್ನಿನಂಗೆ ಸುಮ್ನೆ ಕೂರ್ತಿದ್ದೆ," ಎಂದೆ.

ಅವರ ನಗು ಅರ್ಧಕ್ಕೇ ನಿಂತಿತು. ಗೋಡೆ ಬದಿಯ ಕಂಪ್ಯೂಟರಿನ ಕಡೆ ನೋಡಿದರು. ಅದಕ್ಕೆ ಪ್ರಾಕ್ಸಿ ಸರ್ವರ್ ಅನ್ನುತ್ತಿದ್ದರು. ಉಳಿದವು ಯಾವುವೂ ತಾವಾಗಿ ಹೊರಗೆ ಕೇಳುವುದಿಲ್ಲವಂತೆ, ಎಲ್ಲದರ ಪರವಾಗಿ ಅದೇ ಕೇಳಬೇಕಂತೆ.

"ಅಯ್ಯ, ಇಷ್ಟೊತ್ತು ತಾಯಿಗೇ ಪಾಠ ಹೇಳ್ತಾ ಕೂತಿದ್ದೆ ನೋಡ್ರಿ. ಹೇಳ್ಬೇಕಾದ್ದು ಮಗಳಿಗೆ," ಎಂದು ಹೋಗಿ ಅದರ ಮುಂದೆ ಕೂತರು.

ಅದರೊಳಗೆ ಹಳೇ ಲೈನಿನವರ ನಂಬರೇ ಉಳಿದಿತ್ತು. ಹೆಸರು ಬಂದಾಗಲೆಲ್ಲ ಅದು ಹಳಬರನ್ನೇ ಕೇಳುತ್ತಿತ್ತು, ಅವರು ಉತ್ತರ ಕೊಡುತ್ತಿರಲಿಲ್ಲ. ಅಕ್ಕ ಅದನ್ನು ಅಳಿಸಿ ಹೊಸದು ಹಾಕಿ, ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ಪುಟ ತೆರೆಯಿತು. ಕತ್ತಲಾಗುವ ಮುಂಚೆ ಅರ್ಜಿ ಹೋಯಿತು. ಪ್ರಿಂಟ್ ತೆಗೆದ ಕಾಗದವನ್ನು ಬಿಸಿಬಿಸಿಯಾಗಿ ನನ್ನ ಕೈಗಿಟ್ಟು, ಸೀಟು ಸಿಕ್ಕರೆ ಬಂದು ಹೇಳಬೇಕು ಎಂದರು.

ಸಿಕ್ಕಿತು, ಹೋಗಿ ಹೇಳಿದೆ. ಮಗಳಿಗೆ ಸೊರಬದ ಆಸ್ಪತ್ರೆಯಲ್ಲಿ ಕೆಲಸವಾದಾಗಲೂ ಹೋಗಿ ಹೇಳಿದೆ. ಅವಳ ಮದುವೆಗೆ ಅಕ್ಕ ಬಂದು ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ಆ ಕಡೆ ಹೋಗುವುದು ಕಮ್ಮಿಯಾಯಿತು...

ಜನನ ಪತ್ರ ಸಿಕ್ಕ ಮರುದಿನ ಪೇಡೆ ಕಟ್ಟಿಸಿಕೊಂಡು ಶಿಕಾರಿಪುರದ ಬಸ್ ಹತ್ತಿದೆ. ಅಕ್ಕನ ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಅಕ್ಕ ತೀರಿಹೋಗಿ ಒಂದು ಮಳೆಗಾಲ ಕಳೆಯಿತು ಎಂದು ಪಕ್ಕದ ಬಳೆ ಅಂಗಡಿಯವರು ಹೇಳಿದರು. ಕಾಯಿಲೆಯ ಹೆಸರೂ ಹೇಳಿದರು, ನನ್ನ ತಲೆಗೆ ಹೋಗಲಿಲ್ಲ. ಪೇಡೆಯನ್ನು ಬಳೆ ಅಂಗಡಿಯವರಿಗೇ ಕೊಟ್ಟೆ.

ನನ್ನ ಖುಷಿ ಕಡಿಮೆಯಾಯಿತು ಎಂದರೆ ಸುಳ್ಳಾಗುತ್ತದೆ. ವಾಪಸ್ ಬರುವಾಗಲೂ ಪಕ್ಕದ ಸೀಟಿನ ಹೆಂಗಸಿಗೆ ಮೊಮ್ಮಗಳ ಫೋಟೊ ತೋರಿಸಿದೆ. ಚಂದ ಇದಾಳೆ ಎಂದಳು. ಆದರೆ ಈ ಮಗುವಿನ ತಾಯಿ ನರ್ಸ್ ಆದದ್ದು ಹೇಗೆ ಎಂದು ಅವಳಿಗೆ ಮೊದಲಿನಿಂದ ಹೇಳಬೇಕಾಯಿತು. ಅಕ್ಕನಿಗಾದರೆ ಹೇಳಬೇಕಿರಲಿಲ್ಲ...