ಮಾಗಡಿಯಿಂದ ಸುದ್ದಿ ಬಾರದ ಸಂಜೆ

ರೇಷ್ಮೆ ಸೀಮೆಯಲ್ಲಿ ಹೆಸರು ಮಾಡಿದವರೆಂದರೆ ಹೊಸ ತಳಿ ಬೆಳೆಸಿದವರು, ಹಿಪ್ಪುನೇರಳೆ ತೋಟಕ್ಕೆ ನೀರು ತಂದವರು, ಗೂಡಿಗೆ ಒಳ್ಳೆಯ ಧಾರಣೆ ಕೊಡಿಸಿದವರು. ನಮ್ಮ ರೇಷ್ಮೆ ಬಿತ್ತನೆ ಸಹಕಾರ ಸಂಘದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀ ಅನಂತರಾಜು ಅವರು ಇವುಗಳಲ್ಲಿ ಒಂದನ್ನೂ ಮಾಡಿದವರಲ್ಲ. ಚನ್ನಪಟ್ಟಣ, ಕನಕಪುರ, ಮಾಗಡಿ ಶಾಖೆಗಳ ಕಂಪ್ಯೂಟರುಗಳು ರಾಮನಗರದ ಸರ್ವರಿನೊಡನೆ ಪ್ರತಿ ಸಂಜೆ ತಪ್ಪದೆ ಮಾತಾಡುವಂತೆ ನೋಡಿಕೊಂಡದ್ದೇ ಅವರ ಸೇವೆ. ಆ ಮಾತು ತಪ್ಪಿದ ಒಂದು ಸಂಜೆಯಿಂದ ಏನಾಯಿತೆಂಬುದು ಬೆಳೆಗಾರರಿಗೆ ಗೊತ್ತಿದೆ. ಅದರ ಹೊಣೆಯನ್ನು ಯಾರ ತಲೆಗೆ ಕಟ್ಟಲಾಯಿತೆಂಬುದು ಸಂಘದವರಿಗೆ ಗೊತ್ತಿದೆ. ಅಭಿನಂದನ ಗ್ರಂಥಕ್ಕೆ ಒಳ್ಳೆಯದನ್ನಷ್ಟೇ ಬರೆದು ಕೊಡಬೇಕೆಂದು ಸಂಪಾದಕ ಸಮಿತಿ ತಿಳಿಸಿದೆ. ಅನಂತರಾಜು ಅವರ ಒಳ್ಳೆಯದನ್ನು ಬರೆಯಹೊರಟರೆ ಉಳಿದವರದ್ದನ್ನೂ ಬರೆಯಬೇಕಾಗುತ್ತದೆ. ಬೇರೆ ದಾರಿ ನನಗೆ ಕಾಣಲಿಲ್ಲ.

ಅವರು ಅಕ್ಕೂರಿನ ರೈತರ ಮನೆಯವರು. ಸಂಘಕ್ಕೆ ಬೆರಳಚ್ಚುಗಾರರಾಗಿ ಸೇರಿದರು. ಸಂಘಕ್ಕೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಕೋಣೆಗೆ ಬೀಗ ಹಾಕಿ ಇಟ್ಟಿದ್ದರಂತೆ. ಬೀಗದ ಕೈ ಕೇಳಿದವರು ಇವರೊಬ್ಬರೇ. ಆ ಕೋಣೆಯೇ ಮುಂದೆ ಕಂಪ್ಯೂಟರ್ ವಿಭಾಗವಾಯಿತು, ಕೀಲಿ ಕೇಳಿದವರೇ ಮುಖ್ಯಸ್ಥರಾದರು.

ನಮ್ಮ ಕೆಲಸವನ್ನು ಅರಿಯದವರಿಗಾಗಿ ಒಂದೆರಡು ಮಾತು. ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಆ ಲಾಟಿನ, ಅಂದರೆ ಆ ತಂಡದ, ಮೊಟ್ಟೆಗಳನ್ನೆಲ್ಲ ಸುಡಬೇಕು, ಏಕೆಂದರೆ ಈ ರೋಗ ತಾಯಿಯಿಂದಲೇ ಮರಿಗೆ ಬರುತ್ತದೆ. ಮೂರು ಶಾಖೆಗಳ ಪರೀಕ್ಷೆಯ ವರದಿ ಸಂಜೆ ರಾಮನಗರಕ್ಕೆ ಬರುತ್ತದೆ. ಅದನ್ನು ನೋಡಿ ಮರುದಿನ ಬೆಳಿಗ್ಗೆ ರಾಮನಗರದ ಉಗ್ರಾಣದಿಂದ ಮೊಟ್ಟೆಗಳನ್ನು ಚಾಕಿ ಕೇಂದ್ರಗಳಿಗೆ, ಅಂದರೆ ಎಳೆಹುಳು ಸಾಕಿ ರೈತರಿಗೆ ಕೊಡುವ ಕಡೆಗೆ, ಬಿಡುಗಡೆ ಮಾಡುತ್ತಾರೆ.

ಕಂಪ್ಯೂಟರ್ ಬರುವ ಮುನ್ನ ಇದಕ್ಕೊಂದು ರೂಢಿಯಿತ್ತು. ರೋಗ ಕಂಡರೆ ಮಾತ್ರ ಶಾಖೆಯವರು ಫೋನ್ ಮಾಡುತ್ತಿದ್ದರು. ಫೋನ್ ಬರಲಿಲ್ಲವೆಂದರೆ ಎಲ್ಲ ಚೆನ್ನಾಗಿದೆ ಎಂದರ್ಥ. ಹೊಸ ವ್ಯವಸ್ಥೆ ಬರೆಸುವಾಗ ಆಗಿನ ವ್ಯವಸ್ಥಾಪಕರು ಅದೇ ರೂಢಿಯನ್ನು ಒಳಗೆ ಹಾಕಿಸಿದರು: ಬೆಳಗಿನ ಹೊತ್ತಿಗೆ ರೋಗವೆಂದು ಗುರುತಾಗದ ಲಾಟು ತಾನಾಗಿ ಬಿಡುಗಡೆಯಾಗುತ್ತದೆ. ಅನಂತರಾಜು ಒಪ್ಪಲಿಲ್ಲ.

"ಸುದ್ದಿ ಬರ್ನಿಲ್ಲ ಅಂದ್ರೆ ಕಾಯ್ಲೆ ಇಲ್ಲ ಅಂತಲ್ಲ ಸಾರ್. ಸುದ್ದಿ ಹೇಳೋನೇ ಸತ್ತೋಗಿರಬೋದು" ಎಂದರಂತೆ.

"ಅಪಶಕುನ ನುಡೀಬೇಡಿ ಅನಂತರಾಜು" ಎಂದರಂತೆ ವ್ಯವಸ್ಥಾಪಕರು.

ನಿಯಮ ಹಾಗೆಯೇ ಉಳಿಯಿತು. ಅದನ್ನು ಬದಲಾಯಿಸಲಾಗದವರು ಒಂದು ಸಂಜೆಯೂ ಸುದ್ದಿ ತಪ್ಪದಂತೆ ನೋಡಿಕೊಳ್ಳಲು ತಾವೇ ಕೂತರು.

ಸರ್ವರಿನಲ್ಲಿ ಡೀಮನ್ ಎಂಬ ಪ್ರೋಗ್ರಾಂ ಹಗಲಿರುಳು ಎಚ್ಚರವಾಗಿ ಕೂತಿರುತ್ತದೆ. ಶಾಖೆಯ ಕಂಪ್ಯೂಟರ್ ಬಂದು ಕದ ತಟ್ಟಿದರೆ ಎರಡೂ ಕಡೆಯವರು ಪರಿಚಯ ಹೇಳಿಕೊಳ್ಳುತ್ತಾರೆ, ಪಾಸ್‌ವರ್ಡ್ ಕೇಳಿ ತಾಳೆ ನೋಡುತ್ತಾರೆ, ಆಮೇಲೆ ಡೀಮನ್ ತನ್ನದೇ ಒಂದು ಮರಿಯನ್ನು ಆ ಶಾಖೆಯ ಸೇವೆಗೆ ಬಿಟ್ಟು ತಾನು ಮತ್ತೆ ಬಾಗಿಲಿಗೆ ಹೋಗುತ್ತದೆ. ನಮ್ಮ ಸರ್ವರ್ ಹಳೆಯದು. ಒಮ್ಮೆಗೆ ಎರಡು ಸಂಪರ್ಕಕ್ಕಷ್ಟೇ ತ್ರಾಣ. ಮೂರನೆಯವರು ಬಂದರೆ ಜಾಗವಿಲ್ಲ, ಆಮೇಲೆ ಬನ್ನಿ ಎಂದು ಹೇಳಿ ಕಳಿಸುತ್ತದೆ. ತೊಂದರೆ ಬರುವುದು ಒಳಗೆ ಬಂದವರು ಹೇಳದೆ ಕೇಳದೆ ಮಾಯವಾದಾಗ. ನಾನು ಅವರ ವಿಭಾಗಕ್ಕೆ ಸೇರಿದ ವಾರ ಅನಂತರಾಜು ಇದನ್ನು ನನಗೆ ಹೇಳಿಕೊಟ್ಟದ್ದು ಹೀಗೆ:

"ಮದ್ವೆ ಮನೆ ಪಂಕ್ತಿ ಅಂದ್ಕೊ. ಎರಡೇ ಎಲೆ. ಉಣ್ಣೋಕೆ ಕೂತೋನು ಅರ್ಧಕ್ಕೆ ಎದ್ದೋದ, ಎಲೆ ಮಾತ್ರ ಹಂಗೇ ಐತೆ. ಬಡಿಸೋನು, ಇನ್ನೂ ಅವ್ನೆ ಅಂದ್ಕೊಂಡು ಸೌಟು ಹಿಡ್ಕೊಂಡು ನಿಂತವ್ನೆ. ಆಚೆ ನಿಂತೋರು ಹಸ್ಕೊಂಡು ಮನೆಗೋದ್ರು. ನಾನಿಲ್ಲಿ ಎಲೆ ಎತ್ತೋ ಕೆಲ್ಸ ಮಾಡ್ತೀನಿ ಕಣಮ್ಮ."

ಇಷ್ಟು ಹೊತ್ತು ಮಾತೇ ಬರದಿದ್ದರೆ ಸಂಪರ್ಕ ಕತ್ತರಿಸು ಎಂದು ಡೀಮನ್ನಿಗೆ ಒಂದು ಗಡುವು ಹೇಳಿಬಿಟ್ಟರೆ ಎಲೆ ತಾನಾಗಿ ಏಳುತ್ತದೆ. ಎಲ್ಲ ಕಡೆ ಮಾಡುವುದೂ ಅದನ್ನೇ. ಅವರು ಬೇಕೆಂದೇ ಗಡುವು ಹಾಕಿರಲಿಲ್ಲ. ಸಾವನದುರ್ಗದ ಆಚೆ ಮಗ್ಗುಲಿನ ಮಾಗಡಿ ಶಾಖೆಯ ಲೈನು ಕೆಟ್ಟದ್ದು. ನಡುವೆ ಉಸಿರು ಕಟ್ಟಿದಂತೆ ನಿಂತು, ಸತ್ತೇಹೋಯಿತು ಎನ್ನುವಾಗ ಮತ್ತೆ ಶುರುವಾಗುತ್ತದೆ. ಗಡುವು ಹಾಕಿದರೆ ಬದುಕಿರುವ ಮಾಗಡಿಯನ್ನು ಸತ್ತಿತೆಂದು ಕತ್ತರಿಸಿದಂತೆ. ಸತ್ತ ಸಂಪರ್ಕ ಯಾವುದು, ಉಸಿರು ಹಿಡಿದ ಸಂಪರ್ಕ ಯಾವುದು ಎಂಬುದನ್ನು ಅವರು ಫೋನ್ ಮಾಡಿ ಕೇಳಿಯೇ ತೀರ್ಮಾನಿಸುತ್ತಿದ್ದರು. ಮಾಗಡಿಯಲ್ಲಿ ಚಿಟ್ಟೆ ಪರೀಕ್ಷೆ ಮಾಡುವ ಲತಾಮಣಿ ಅವರ ಜೊತೆ ಸಂಜೆ ನಡೆಯುತ್ತಿದ್ದ ಮಾತು ನನಗೆ ಬಾಯಿಪಾಠವಾಗಿದೆ.

"ಸಾರ್, ಕರೆಂಟ್ ಹೋಗಿ ಬಂತು. ಮೊದ್ಲಿಂದ ಕಳಿಸ್ಲಾ?"

"ನೀನು ಮುಟ್ಬೇಡ ತಾಯಿ. ಮೊದ್ಲು ಎಲೆ ಎತ್ತೀನಿ, ಆಮೇಲೆ ಕೂರಿವೆಂತೆ."

"ಬಿರ್ನೆ ಎತ್ತಿ ಸಾರ್. ಬಸ್ಸು ನಮ್ಮ ಮಾವಂದಲ್ಲ ಕಾಯಕೆ."

ಆರೂವರೆಯೋ ಏಳೋ, ಮಾಗಡಿಯ ವರದಿ ಪೂರ್ತಿ ಬಂದ ಮೇಲೆಯೇ ಅವರು ಕುರ್ಚಿ ಬಿಟ್ಟು ಏಳುತ್ತಿದ್ದರು. ವರ್ಷಗಟ್ಟಲೆ ಹೀಗೆಯೇ ನಡೆಯಿತು. ಯಾರೂ ಕೂರಲು ಹೇಳಿರಲಿಲ್ಲ, ಕೂತದ್ದನ್ನು ಯಾರೂ ಗಮನಿಸಲೂ ಇಲ್ಲ. ಅವರು ಸಿಡುಕಿನವರು, ಐದು ಗಂಟೆಯ ಮೇಲೆ ಮಾತಾಡಿಸಿದವರಿಗೆ ಬೈಗುಳ ಖಚಿತ. ಆದರೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಸರ್ವರಿನ ಪಾಸ್‌ವರ್ಡನ್ನು ನನ್ನ ಕೈಗೆ ಕೊಟ್ಟು, "ತಪ್ಪು ಮಾಡು, ಹೆದರಬೇಡ. ಸಂಜೆ ಮಾತ್ರ ಮಾಡಬೇಡ" ಎಂದವರೂ ಅವರೇ. ಕಲಿಯಬಂದವರನ್ನು ಅಷ್ಟು ನಂಬಿದ ಇನ್ನೊಬ್ಬ ಅಧಿಕಾರಿಯನ್ನು ನಾನು ಕಂಡಿಲ್ಲ.

ನಾನು ಅವರೊಡನೆ ಜಗಳವಾಡಿದ್ದೂ ಇದೇ ವಿಷಯಕ್ಕೆ. "ಒಂದಿನ ಎದ್ದೋಗ್ಬುಡಿ ಸಾರ್. ನಿಂತೋಗ್ಲಿ. ಆಗ ಇವ್ರಿಗೆ ಗೊತ್ತಾಯ್ತದೆ" ಎಂದೆ.

"ಗೊತ್ತಾಗೋದು ಇವ್ರಿಗೆ, ಸಾಯೋದು ಹುಳ. ನಿನ್ನ ಪಾಠಕ್ಕೆ ಯಾರ ಮನೆ ಹುಳ ಕೊಡಾನ, ಹೇಳು" ಎಂದರು.

ಆದರೂ ಅಂದು ನಾನು ಹೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಬಿರುಕು ಬಿಟ್ಟ ಗೋಡೆಗೆ ಒಬ್ಬರು ಬೆನ್ನು ಕೊಟ್ಟು ನಿಂತರೆ, ನೋಡುವವರಿಗೆ ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಸಂಘಕ್ಕೆ ಕಂಡದ್ದು ಗಟ್ಟಿ ಗೋಡೆ, ಮತ್ತು ಅದಕ್ಕೆ ಒರಗಿ ಸುಮ್ಮನೆ ನಿಂತ ಒಬ್ಬ ನೌಕರ.

ಕಳೆದ ಮಳೆಗಾಲದಲ್ಲಿ ಅವರ ಅಣ್ಣ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಅಕ್ಕೂರಿಗೆ ಹೋಗುವ ಮುನ್ನ, ಯಾವುದನ್ನೂ ಮುಟ್ಟಬೇಡಿ, ಮಾಗಡಿಯದ್ದು ಮುಗಿಯುವತನಕ ಒಬ್ಬರು ಕೂತಿರಿ ಎಂದು ಈಗಿನ ವ್ಯವಸ್ಥಾಪಕರಾದ ಶ್ರೀ ಮನೋಹರ್ ಅವರಿಗೆ ನನ್ನೆದುರೇ ಹೇಳಿ ಹೋದರು. ಮನೋಹರ್ ಅವರಿಗೆ ಮರುವಾರದ ತಪಾಸಣೆಯ ಚಿಂತೆ. ಮಾತು ನಿಂತ ಸಂಪರ್ಕಗಳು ಪರದೆಯ ಮೇಲೆ ಕೆಂಪಗೆ ಕಾಣುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಅನಂತರಾಜು ಊರಿಗೆ ಹೋದ ದಿನ ನನ್ನನ್ನು ಕನಕಪುರದ ಪ್ರಿಂಟರ್ ರಿಪೇರಿಗೆ ಕಳಿಸಿ, ಹೊರಗಿನ ಗುತ್ತಿಗೆದಾರರನ್ನು ಕರೆಸಿ, ಡೀಮನ್ನಿಗೆ ಅರ್ಧ ನಿಮಿಷದ ಗಡುವು ಹಾಕಿಸಿದರು. ಪರದೆ ಹಸಿರಾಯಿತು. ಐದು ಗಂಟೆಗೆ ಎಲ್ಲರೂ ಮನೆಗೆ ಹೋದರು.

ಆ ದಿನ ಮಾಗಡಿಯ ಒಂದು ಲಾಟಿನಲ್ಲಿ ಲತಾಮಣಿ ಗಂಟುರೋಗ ಕಂಡಿದ್ದರು. ವರದಿ ಕಳಿಸಿದರು. ಲೈನು ಉಸಿರು ಹಿಡಿಯಿತು, ಡೀಮನ್ ಕತ್ತರಿಸಿತು. ಮತ್ತೆ ಕಳಿಸಿದರು, ಮತ್ತೆ ಕತ್ತರಿಸಿತು. ಹೊಸ ಫೈಲ್ ಪೂರ್ತಿ ಬರುವತನಕ ಹಳೆಯದನ್ನು ಅಳಿಸದಿರುವುದು ಈ ಡೀಮನ್ನಿನ ಒಳ್ಳೆಯ ಗುಣ. ಆ ಸಂಜೆ ಅದೇ ಮುಳುವಾಯಿತು. ಹಿಂದಿನ ದಿನದ ವರದಿ, ರೋಗದ ಹೆಸರಿಲ್ಲದ್ದು, ಸರ್ವರಿನಲ್ಲಿ ಭದ್ರವಾಗಿ ಕೂತಿತ್ತು. ಲತಾಮಣಿ ಕಚೇರಿಗೆ ಫೋನ್ ಮಾಡಿದರು, ಎತ್ತುವವರಿರಲಿಲ್ಲ. ಅಕ್ಕೂರಿಗೆ ಮಾಡಿದರು. ಅನಂತರಾಜು ಕಾರ್ಯ ಮುಗಿಸಿ, ಒದ್ದೆ ಪಂಚೆಯಲ್ಲೇ ಫೋನ್ ನೋಡಿ, ವಿಷಯ ಕೇಳಿ, ಮನೋಹರ್ ಅವರಿಗೆ ಕರೆ ಮಾಡಿದರು.

"ಮಾಗಡಿ ವರದಿ ಬಂದಿಲ್ಲ ಸಾರ್. ಒಂದು ಲಾಟಲ್ಲಿ ರೋಗ ಐತಂತೆ. ಬೆಳಿಗ್ಗೆ ಮೊಟ್ಟೆ ಬುಡಬೇಡಿ."

"ನನ್ನ ಫೋನಲ್ಲೇ ಕಾಣ್ತಿದೆ, ಎಲ್ಲ ಹಸಿರು ಇದೆ. ನೀವು ಮೊದಲು ಕಾರ್ಯ ಮುಗಿಸಿಕೊಳ್ಳಿ. ನಾಳೆ ನೋಡೋಣ."

ಬೆಳಿಗ್ಗೆ ನೋಡುವ ಹೊತ್ತಿಗೆ ಮೊಟ್ಟೆ ಹೊರಟಿದ್ದವು.

ಕೆಲವು ವಾರಗಳ ಮೇಲೆ ಕೆಂಪಾಪುರದ ಕಡೆಯ ಮುನಿತಾಯಮ್ಮ ಎಂಬ ಬೆಳೆಗಾರ್ತಿ ಬಿದಿರು ತಟ್ಟೆಯೊಂದನ್ನು ತಂದು ಸಂಘದ ವರಾಂಡದಲ್ಲಿ ಇಟ್ಟರು. ಹುಳುಗಳು ಒಂದು ದೊಡ್ಡದು, ಒಂದು ಚಿಕ್ಕದು. ಮೈಮೇಲೆ ಮೆಣಸಿನ ಪುಡಿ ಎರಚಿದಂತೆ ಕಪ್ಪು ಚುಕ್ಕೆ. ಮನೋಹರ್ ಹೊರಗೆ ಬಂದು, "ಒಂದು ಅರ್ಜಿ ಬರೆದುಕೊಡಿ ಅಮ್ಮ" ಎಂದರು.

"ಅರ್ಜಿ ತಿಂದವೇನಪ್ಪ ಇವು? ಸೊಪ್ಪು ತಿಂತಿದ್ವು, ಈಗ ಅದ್ನೂ ಮೂಸಾಕಿಲ್ಲ. ನಿಮ್ಮ ಮೊಟ್ಟೆ, ನಿಮ್ಮ ಹುಳ. ನೀವೇ ಮಡಿಕ್ಕಳಿ" ಎಂದು ತಟ್ಟೆಯನ್ನು ಅಲ್ಲಿಯೇ ಬಿಟ್ಟು ಮೆಟ್ಟಿಲ ಮೇಲೆ ಕೂತರು.

ಮರುದಿನ ಅನಂತರಾಜು ಬ್ಲೀಚಿಂಗ್ ಪುಡಿ, ಸುಣ್ಣ ಹೊರಿಸಿಕೊಂಡು ಅವರ ಮನೆಗೆ ಹೋದರು. ನಾನೂ ಹೋಗಿದ್ದೆ, ಮಾಗಡಿ ಶಾಖೆಯ ಇಬ್ಬರು ನೌಕರರೂ ಇದ್ದರು. ಹುಳು, ಸೊಪ್ಪು, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲವನ್ನೂ ಹೊಲದಂಚಿಗೆ ಹೊತ್ತು ಸುಟ್ಟೆವು. ಹುಳುಮನೆಯ ಗೋಡೆಗಳನ್ನು ಅನಂತರಾಜು ಅವರೇ ತೊಳೆದರು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಮಾಡಬೇಕಾದ ಕೆಲಸ ಅದಲ್ಲ. ಹೊರಡುವಾಗ ಮುನಿತಾಯಮ್ಮನವರಿಗೆ, "ತಪ್ಪು ನಮ್ದೇ ಕಣವ್ವ" ಎಂದರು. ಸಂಘದ ಪರವಾಗಿ ಆ ತಾಯಿಯ ಮುಂದೆ ತಲೆ ತಗ್ಗಿಸಿದ್ದು ಅವರೊಬ್ಬರೇ.

ಆ ಮಾತು ಮುಂದೆ ಸಂಘ ನಡೆಸಿದ ವಿಚಾರಣೆಯಲ್ಲಿ ತಪ್ಪೊಪ್ಪಿಗೆಯಾಗಿ ಬಂತು. ಅಕ್ಕೂರಿನಿಂದ ಮಾಡಿದ ಕರೆಯಲ್ಲಿ ಏನು ಹೇಳಿದರೆಂಬುದಕ್ಕೆ ಸಾಕ್ಷಿಯಿಲ್ಲವೆಂದರು. ಲತಾಮಣಿ ಅವರನ್ನಾಗಲಿ ನನ್ನನ್ನಾಗಲಿ ಕರೆದು ಕೇಳಲಿಲ್ಲ. ಗಡುವಿಲ್ಲದ ವ್ಯವಸ್ಥೆಯನ್ನು ವರ್ಷಗಟ್ಟಲೆ ನಡೆಸಿ ಅದರ ದೌರ್ಬಲ್ಯವನ್ನು ಆಡಳಿತದಿಂದ ಮರೆಮಾಡಿದ್ದಕ್ಕಾಗಿ ಅನಂತರಾಜು ಅವರಿಗೆ ವಾಗ್ದಂಡನೆ ವಿಧಿಸಲಾಯಿತು. ಈ ಆರೋಪದಲ್ಲಿ ಅರ್ಧ ನಿಜವಿದೆ ಎಂಬುದೇ ನನಗೆ ಹೆಚ್ಚು ಕಹಿ. ಅವರು ಮರೆಮಾಡಿದ್ದು ಹೌದು. ಮರೆಯಾಗಿ ನಿಂತದ್ದು ತಮ್ಮ ಮೈಯನ್ನೇ ಒಡ್ಡಿ, ಇನ್ನೊಬ್ಬರ ಹುಳು ಸಾಯದಿರಲೆಂದು. ವಿಚಾರಣೆ ಆ ಇನ್ನರ್ಧವನ್ನು ಕೇಳಲಿಲ್ಲ.

ನಿವೃತ್ತಿಯ ಸಮಾರಂಭಕ್ಕೆ ಏನು ಉಡುಗೊರೆ ಕೊಡೋಣವೆಂದು ಮನೋಹರ್ ಅವರು ವಿಭಾಗಕ್ಕೇ ಬಂದು ಕೇಳಿದರು.

"ಬೆಳ್ಳಿ ತಟ್ಟೆ ಗಿಟ್ಟೆ ಬ್ಯಾಡ ಸಾರ್. ಆ ಒಂದು ನಿಯಮ ಬದ್ಲಾಯ್ಸಿ. ವರದಿ ಬರೋಗಂಟ ಮೊಟ್ಟೆ ಆಚೆ ಹೋಗಬಾರ್ದು, ಅಷ್ಟೆ. ನಾನಿದ್ದಾಗ್ಲೇ ಮಾಡ್ಬುಡಿ, ನೋಡ್ಕೊಂಡು ಹೋಯ್ತೀನಿ."

"ಆಡಳಿತ ಮಂಡಳಿ ಮುಂದೆ ಇಡೋಣ" ಎಂದರು ಮನೋಹರ್. "ಎಲ್ಲ ಹಿಡಿದಿಟ್ಟುಕೊಂಡರೆ ಚಾಕಿ ಕೇಂದ್ರದವರು ಬೊಬ್ಬೆ ಹಾಕ್ತಾರೆ."

ಆ ಬದಲಾವಣೆಗೆ ಬೇಕಾದ್ದನ್ನು ನಾವಿಬ್ಬರೂ ಬರೆದು, ಪರೀಕ್ಷಿಸಿ, ಸಿದ್ಧವಾಗಿಟ್ಟಿದ್ದೇವೆ. ಒಪ್ಪಿಗೆ ಮಾತ್ರ ಬಂದಿಲ್ಲ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಬೆಳ್ಳಿ ತಟ್ಟೆ ಬಂದಿದೆ. ನಾನೇ ನೋಡಿದೆ, ತೂಕವಾಗಿಯೇ ಇದೆ. ಪೇಟ, ಶಾಲು, ಹಾರಗಳೂ ಸಿದ್ಧವಾಗಿವೆ. ಗಡುವು ಈಗಲೂ ಅರ್ಧ ನಿಮಿಷ. ವಿಚಾರಣೆ ಮುಗಿದ ಮೇಲೂ ಅನಂತರಾಜು ಪ್ರತಿ ಸಂಜೆ ಕೂತು, ಐದಕ್ಕೆ ಅದನ್ನು ತೆಗೆದು, ಮಾಗಡಿಯದ್ದು ಮುಗಿದ ಮೇಲೆ ಮತ್ತೆ ಹಾಕಿ ಹೋಗುತ್ತಿದ್ದಾರೆ. ಇದು ಮೇಲಿನವರಿಗೆ ಗೊತ್ತು. ಒಂದನೆಯ ತಾರೀಖಿನಿಂದ ನಾನು ಕೂರಬೇಕೆಂದು ಬಾಯಿಮಾತಿನಲ್ಲಿ ಹೇಳಿದ್ದಾರೆ.

ನಾನು ಹಾಗೆ ಕೂರುವುದಿಲ್ಲ. ಇದನ್ನು ಇಲ್ಲಿ ಬರೆಯುತ್ತಿರುವುದು, ಗ್ರಂಥವನ್ನು ಬಿಡುಗಡೆ ಮಾಡುವವರೂ ಅದನ್ನು ಮನೆಗೆ ಒಯ್ಯುವವರೂ ಓದಲೆಂದು. ಮಾಗಡಿಯಿಂದಾಗಲಿ, ಬೇರೆ ಶಾಖೆಯಿಂದಾಗಲಿ ವರದಿ ಬಾರದ ಸಂಜೆ ನಾನು ಎಲ್ಲ ಚಾಕಿ ಕೇಂದ್ರಗಳಿಗೂ ಫೋನ್ ಮಾಡಿ, ವರದಿ ಬಂದಿಲ್ಲ, ನಾಳೆಯ ಮೊಟ್ಟೆ ತೆಗೆದುಕೊಳ್ಳಬೇಡಿ ಎಂದು ಹೇಳಿ ಮನೆಗೆ ಹೋಗುತ್ತೇನೆ. ಬೊಬ್ಬೆ ಹಾಕುವವರು ಕಚೇರಿಗೆ ಬಂದು ಹಾಕಲಿ. ಅನಂತರಾಜು ಅವರಿಗೆ ಇದನ್ನು ಹೇಳಿದೆ. "ನಿಂಗೂ ವಾಗ್ದಂಡನೆ ಕೊಡ್ತಾರೆ ಕಣಮ್ಮ" ಎಂದರು. "ಕೊಡ್ಲಿ ಸಾರ್, ಪಕ್ಕಪಕ್ಕ ಕಟ್ಟು ಹಾಕ್ಸಾನ" ಎಂದೆ. ಅವರು ನಕ್ಕದ್ದನ್ನು ವಿಚಾರಣೆಯ ನಂತರ ನಾನು ಕಂಡದ್ದು ಅಂದೇ.

ಅನಂತರಾಜು ಅವರು ದೀರ್ಘಕಾಲ ಬಾಳಲಿ. ಅಕ್ಕೂರಿನಲ್ಲಿ ಅಣ್ಣನ ಪಾಲಿನ ಹಿಪ್ಪುನೇರಳೆ ತೋಟ ಅವರ ಕೈಗೆ ಬಂದಿದೆ. ಕೆಲಸಕ್ಕೆ ಅವರಿಗೆ ಕೊರತೆಯಾಗದು. ಸಂಜೆ ಐದರ ಹೊತ್ತಿಗೆ ಸೊಪ್ಪು ಕೊಯ್ದು ಹೊರೆ ಕಟ್ಟುವ ಗಡಿಬಿಡಿಯಲ್ಲಿರಲಿ, ಅಲ್ಲಿಯೂ ಯಾರಿಗಾದರೂ ಬೈಯುತ್ತಿರಲಿ. ಆ ಹೊತ್ತಿನಲ್ಲಿ ಅವರಿಗೆ ಕರೆ ಮಾಡಬಾರದೆಂದು ಲತಾಮಣಿ ಅವರೂ ನಾನೂ ಮಾತಾಡಿಕೊಂಡಿದ್ದೇವೆ. ಆದ್ದರಿಂದ ಅವರಲ್ಲಿ ಒಂದು ಬಿನ್ನಹ. ಮುಂದೆ ಸಂಜೆಗಳಲ್ಲಿ ತಮ್ಮ ಫೋನ್ ಸುಮ್ಮನಿದ್ದರೆ, ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಮಾತ್ರ ತಿಳಿಯಬೇಡಿ ಸಾರ್. ಹಾಗೆ ತಿಳಿಯಬಾರದೆಂದು ಕಲಿಸಿದವರು ನೀವೇ.