ಮನೆಯವರು ಏನ್ಮಾಡ್ತಾರೆ?

ಶಾಮಲಾ ನಮ್ಮ ಲ್ಯಾಬಿಗೆ ಸೇರಿದ ವಾರವೇ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಗೋಪಾಳದ ಈ ಲ್ಯಾಬಿನಲ್ಲಿ ರಸೀದಿ ಬರೆಯುವವಳು ನಾನು, ರಕ್ತ ತೆಗೆಯುವವಳು ಅವಳು. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರು ಕಾಫಿ ಕುಡಿಯದ ಕೋಪವನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುತ್ತಾರೆ. ಇವಳು ಕಾಲು ಗಂಟೆ ತಡವಾಗಿ ಭದ್ರಾವತಿ ಬಸ್ಸಿಳಿದು ಏದುಸಿರು ಬಿಡುತ್ತಾ ಬರುವಳು. ಆದರೆ ಸೂಜಿ ಹಿಡಿದಳೆಂದರೆ ಚುಚ್ಚಿದ್ದೇ ತಿಳಿಯದು. ಜನ ಅವಳನ್ನೇ ಕೇಳಿಕೊಂಡು ಬರತೊಡಗಿದರು. ನನ್ನ ಸಿಟ್ಟೂ ತಾನಾಗಿ ಇಳಿಯಿತು.

ಅವಳಿಗೆ ಮೂವತ್ತೇಳು, ಮದುವೆಯಾಗಿಲ್ಲ. ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಅವಳೂ ಅವ್ವ ಕರಿಬಸಮ್ಮನೂ ಇಬ್ಬರೇ. ಸಕ್ಕರೆ ಕಾಯಿಲೆ ಅವ್ವನ ಕಣ್ಣನ್ನೇ ತಿಂದುಹಾಕಿತ್ತು. ಇನ್ಸುಲಿನ್ ಎಷ್ಟು ಎಳೆದುಕೊಳ್ಳಬೇಕೆಂದು ನೋಡಿಕೊಳ್ಳುವುದು ಆಕೆಯಿಂದ ಆಗದು. ಶಾಮಲಾ ಮೊದಲಿದ್ದ ನರ್ಸಿಂಗ್ ಹೋಂ ಮನೆಯ ಹತ್ತಿರವೇ ಇತ್ತು. ಎಂಟಕ್ಕೆ ಓಡಿಹೋಗಿ ಇಂಜೆಕ್ಷನ್ ಕೊಟ್ಟು, ತಿಂಡಿ ತಿನ್ನಿಸಿ ಬರುತ್ತಿದ್ದಳು. ಅದು ಮುಚ್ಚಿದ ಮೇಲೆ ಈ ಕೆಲಸ. ಈಗ ಆ ಇಂಜೆಕ್ಷನ್ ಪಕ್ಕದ ಮನೆಯ ಸಣ್ಣಮ್ಮನ ಪಾಲಿಗೆ ಬಂದಿತ್ತು, ಆದರೆ ಸಣ್ಣಮ್ಮ ತಿಂಗಳ ಕೊನೆಗೆ ಮಗಳ ಬಾಣಂತನಕ್ಕೆ ಹೊರಡುವವರು. ಅಷ್ಟರೊಳಗೆ ಲ್ಯಾಬಿನಿಂದ ನಡೆದುಹೋಗುವಷ್ಟು ಹತ್ತಿರ, ಮೆಟ್ಟಿಲು ಹತ್ತಬೇಕಿಲ್ಲದ, ಅವಳ ಸಂಬಳಕ್ಕೆ ಎಟುಕುವ ಒಂದು ಮನೆ ಬೇಕಿತ್ತು.

ಗೋಪಾಳದಲ್ಲಿ ಅಂಥ ಮನೆ ಹುಡುಕುವ ಕಷ್ಟ ಹುಡುಕಿದವರಿಗೇ ಗೊತ್ತು. ಹದಿನೈದು ದಿನ ನನ್ನ ಸ್ಕೂಟಿಯಲ್ಲಿ ಸುತ್ತಿದೆವು. ಹೊಸ ಅಪಾರ್ಟ್‌ಮೆಂಟಿನ ಬಾಡಿಗೆ ಕೇಳಿ ಶಾಮಲಾ ನಕ್ಕೇಬಿಟ್ಟಳು. ಅದು ಹೆಚ್ಚುಕಡಿಮೆ ಅವಳ ಪೂರ್ತಿ ಸಂಬಳ. ಕಡಿಮೆಗೆ ಸಿಕ್ಕಿದ್ದು ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಎಲ್ಲ ಸರಿಯಿದ್ದ ಕಡೆ ಓನರಿಗೆ ಮನೆಯಲ್ಲೊಬ್ಬ ಗಂಡಸು ಬೇಕು. ಬಾಡಿಗೆ ಕಟ್ಟುವುದು ಗಂಡಸೋ ಸಂಬಳವೋ ಎಂದು ಒಬ್ಬರನ್ನು ಕೇಳಿಯೂಬಿಟ್ಟೆ. ಅವರು ಗೇಟು ಹಾಕಿಕೊಂಡರು.

ಸಾವಿತ್ರಮ್ಮನವರ ಮನೆ ಲ್ಯಾಬಿನ ಹಿಂದಿನ ರಸ್ತೆಯಲ್ಲೇ ಇದೆ. ಮೇಲೆ ಅವರು, ಕೆಳಗಿನ ಎರಡು ಕೋಣೆ ಬಾಡಿಗೆಗೆ. ಗೇಟಿನ ಬೋರ್ಡಿನಲ್ಲಿ ‘ದಂಪತಿಗಳಿಗೆ ಮಾತ್ರ’ ಎಂದಿತ್ತು. ಅದನ್ನು ಓದಿದವಳು ನಾನೊಬ್ಬಳೇ. ಶಾಮಲಾ ಆಗಲೇ ಒಳಗೆ ಹೋಗಿದ್ದಳು. ಸಾವಿತ್ರಮ್ಮ ಕೆಲಸ, ಊರು ಎಲ್ಲ ವಿಚಾರಿಸಿ, “ಮನೆಯವರು ಏನ್ಮಾಡ್ತಾರಮ್ಮ?” ಎಂದರು.

“ಮನೇಲೇ ಇರ್ತಾರೆ ಆಂಟಿ. ಶುಗರಿಂದ ಕಣ್ಣು ಹೋಗಿದೆ. ಎಂಟು ಗಂಟೆಗೆ ನಾನೇ ಬಂದು ಇಂಜೆಕ್ಷನ್ ಕೊಡ್ಬೇಕು.”

ಸಾವಿತ್ರಮ್ಮನವರ ಕಣ್ಣು ತುಂಬಿತು. ಇಷ್ಟು ಸಣ್ಣ ವಯಸ್ಸಿಗೆ ಎಂಥಾ ಹಣೆಬರಹ ಎಂದು ಮರುಗಿ, ಕೇಳದೆಯೇ ಬಾಡಿಗೆಯಲ್ಲಿ ಸಾವಿರ ಇಳಿಸಿದರು. ಭಾನುವಾರ ಮನೆಯವರನ್ನೂ ಕರೆತಂದು ಮನೆ ತೋರಿಸು ಎಂದರು. ನನಗೆ ಅಲ್ಲೇ ಅರ್ಥವಾಯಿತು. ಶಾಮಲಾಗೆ ಆಗಲಿಲ್ಲ. ಅವಳಿಗೆ ಮನೆಯವರೆಂದರೆ ಅವ್ವ ಒಬ್ಬಳೇ. ಆ ಮಾತಿಗೆ ಗಂಡ ಎಂಬ ಅರ್ಥವೂ ಇದೆಯೆಂದು ಹೊಳೆಯಲೇ ಇಲ್ಲ.

ರಸ್ತೆಗೆ ಬಂದ ಮೇಲೆ ನಾನು ನಗುತ್ತಾ ಹೇಳಿದೆ. ಅವಳು ನಡೆಯುತ್ತಿದ್ದವಳು ನಿಂತಳು. ಸಾಮಾನು ಇಳಿಸಿದ ಮೇಲೆ ಹೇಳು ಮಾರಾಯ್ತಿ, ಇಳಿಸಿದ್ದನ್ನು ಯಾರೂ ಬೀದಿಗೆ ಹಾಕಲ್ಲ ಎಂದು ಬುದ್ಧಿ ಹೇಳಿದೆ. ಹೌದು, ನಾನೇ ಹೇಳಿದ್ದು. ತಿಂಗಳು ಮುಗಿಯಲು ಇನ್ನು ಐದೇ ದಿನವಿತ್ತು. ಶಾಮಲಾ ತಲೆಯಾಡಿಸಿದಳು, ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ.

ಭಾನುವಾರ ನಾನು ಸಾವಿತ್ರಮ್ಮನವರ ಮನೆಯ ಮುಂದೆ ಕಾಯುತ್ತಿದ್ದೆ, ಶಾಮಲಾ ಅವ್ವನ ಕೈ ಹಿಡಿದುಕೊಂಡು ಬಂದಳು. ಕರಿಬಸಮ್ಮ ಒಳ್ಳೆಯ ಸೀರೆಯುಟ್ಟು, ಹೆಣ್ಣು ನೋಡಲು ಬಂದ ಬೀಗರ ಹಾಗೆ ಸಂಕೋಚದಿಂದ ಗೇಟಿನ ಹತ್ತಿರ ನಿಂತರು. ಸಾವಿತ್ರಮ್ಮ ಅವರ ಹಿಂದೆ ಬರಬೇಕಾದ ಗಂಡಸಿಗಾಗಿ ರಸ್ತೆಯುದ್ದಕ್ಕೂ ನೋಡಿದರು. ಶಾಮಲಾ ಗೇಟು ದಾಟಲಿಲ್ಲ.

“ಆಂಟಿ, ನಂಗೆ ಮದ್ವೆ ಆಗಿಲ್ಲ. ಅವತ್ತು ನಾನು ಹೇಳಿದ್ದು ಅವ್ವನ್ನ.”

ಸಾವಿತ್ರಮ್ಮನವರ ಮುಖ ಗಂಟಾಯಿತು. ಗಂಡನಿದ್ದಾನೆಂದು ನಂಬಿ ಮಾತು ಕೊಟ್ಟೆ, ಬರೀ ಹೆಂಗಸರಿಗೆ ಕೊಡಬೇಡ ಎಂದು ಮಗ ಬೇರೆ ಹೇಳಿದ್ದಾನೆ, ಅವನಿಗೇನು ಹೇಳಲಿ ಎಂದರು. ಅವರ ದನಿಯಲ್ಲಿ ಕೋಪಕ್ಕಿಂತ ಪೇಚಾಟವೇ ಹೆಚ್ಚಿತ್ತು. ನನಗೆ ಬಾಯಿ ತುರಿಸುತ್ತಿತ್ತು, ಗೇಟು ಹಾಕಿಕೊಂಡವರ ನೆನಪಾಗಿ ತಡೆದುಕೊಂಡೆ.

ಮಾತು ಬಂದ ದಿಕ್ಕಿಗೆ ಕರಿಬಸಮ್ಮ ಕೈ ಮುಗಿದರು. “ನಾನು ಜನ್ನಾಪುರದಲ್ಲೇ ಇರ್ತೀನಿ ತಾಯಿ. ಇವಳೊಬ್ಬಳಿಗೆ ಒಂದು ಕೋಣೆ ಕೊಡಿ. ಬಸ್ಸಲ್ಲಿ ಓಡಾಡಿ ಬಡವಾಗಿಬಿಟ್ಟಿದ್ದಾಳೆ. ಕಣ್ಣಿಗೆ ಕಾಣ್ದಿದ್ರೂ ಕೈ ಹಿಡಿದಾಗ ಗೊತ್ತಾಗುತ್ತೆ.”

ಶಾಮಲಾ ಅತ್ತಳು. ಊರವರ ರಕ್ತವನ್ನೆಲ್ಲ ನಡುಗದೆ ತೆಗೆಯುವವಳು ಬೀದಿಯಲ್ಲಿ ನಿಂತು ಸಣ್ಣ ಮಗುವಿನ ಹಾಗೆ ಅತ್ತಳು. ಅವಳಿಗೆ ಸುಳ್ಳು ಕಲಿಸಲು ಹೋದ ನಾನು ನನ್ನ ಕರ್ಚೀಫು ಅವಳ ಕೈಗಿಟ್ಟೆ.

ಸಾವಿತ್ರಮ್ಮ ಕರಿಬಸಮ್ಮನ ಮುಗಿದ ಕೈ ಬಿಡಿಸಿ, ಹಿಡಿದುಕೊಂಡು ಒಳಗೆ ನಡೆದರು. ನಡುಮನೆ, ಅಡುಗೆಮನೆ, ಒಂದೊಂದೇ ಗೋಡೆ ಮುಟ್ಟಿಸುತ್ತಾ ಹಿಂಬದಿಗೆ ಹೋದರು. ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಒಳಗಿನಿಂದ ಅವರ ದನಿ ಕೇಳಿಸಿತು.

“ಬಚ್ಚಲಿಗೆ ಇಳಿಯೋವಾಗ ಇಲ್ಲೊಂದು ಮೆಟ್ಟಿಲಿದೆ ಅಕ್ಕ. ಕಾಲಲ್ಲಿ ಮುಟ್ಟಿ ನೋಡ್ಕೊಳಿ. ದಿನಾ ಓಡಾಡೋ ಜಾಗ.”